ಕೆಳಗಿಟ್ಟ ಸ್ಟೆನ್ ತಾನಾಗಿ ಸಿಡಿದರೆ: ಓಪನ್ ಬೋಲ್ಟ್ ಬಂದೂಕಿನ ದೋಷ ನಿವಾರಣೆ ಕೈಪಿಡಿ

ರಾತ್ರಿ ಎರಡೂವರೆ. ಸೆಂಟ್ರಿ ಡ್ಯೂಟಿ ಮುಗಿಸಿ ಗಾರ್ಡ್ ರೂಮಿಗೆ ಬಂದ ಹುಡುಗ ಸ್ಟೆನ್ ಗನ್ನನ್ನು, ಅಂದರೆ ಬ್ರಿಟಿಷರ ಕಾಲದ ಸಣ್ಣ ಆಟೋಮ್ಯಾಟಿಕ್ ಬಂದೂಕನ್ನು, ಗೋಡೆಯ ಮೊಳೆಗೆ ನೇತುಹಾಕಿ, ಬೂಟಿನ ಲೇಸು ಬಿಚ್ಚಲು ಬಗ್ಗಿದ. ಮೊಳೆ ಕಿತ್ತು ಬಂತು. ಬಂದೂಕು ಬಟ್ ಕೆಳಗಾಗಿ ನೆಟ್ಟಗೆ ಕಲ್ಲುಚಪ್ಪಡಿಗೆ ಬಿತ್ತು. ಒಂದೇ ಒಂದು ಗುಂಡು ಹಾರಿತು, ಸೂರಿನ ಹಂಚು ಒಡೆದು ಚೂರುಗಳು ಮಂಚದ ಮೇಲೆ ಉದುರಿದವು. ಪಕ್ಕದಲ್ಲಿ ಮಲಗಿದ್ದವರ ಕಿವಿ ಮೂರು ದಿನ ಗುಂಯ್ ಅಂತಿತ್ತು. ಬೇರೆ ಯಾರಿಗೂ ಏನೂ ಆಗಲಿಲ್ಲ.

"ನಾನು ಟ್ರಿಗರ್ ಮುಟ್ಟೇ ಇಲ್ಲಣ್ಣ. ಬೋಲ್ಟ್ ಕೂಡ ಮುಂದೇನೇ ಇತ್ತು" ಅಂದ ಹುಡುಗ. ಎರಡೂ ನಿಜ. (ಬೋಲ್ಟ್ ಅಂದರೆ ಬಂದೂಕಿನೊಳಗೆ ಹಿಂದೆ ಮುಂದೆ ಓಡಾಡುವ ಉಕ್ಕಿನ ತುಂಡು.) ಆಗ ನಾನು ಆರ್ಮರಿಯಲ್ಲಿ, ಅಂದರೆ ಆಯುಧದ ಕೋಣೆಯಲ್ಲಿ, ಕೆಲಸಕ್ಕಿದ್ದೆ. ಬೆಳಿಗ್ಗೆ ಆ ಸ್ಟೆನ್ನನ್ನು ಬಿಚ್ಚಿ ಪೂರ್ತಿ ನೋಡಿದೆ. ಒಂದು ಭಾಗವೂ ಮುರಿದಿರಲಿಲ್ಲ, ಸವೆದೂ ಇರಲಿಲ್ಲ. ಗುಂಡು ತುಂಬುವ ಡಬ್ಬಿ, ಅಂದರೆ ಮ್ಯಾಗಜೀನ್ ಮಾತ್ರ ಬಂದೂಕಿನಲ್ಲೇ ಇತ್ತು.

ಈ ಬರಹ ಕೆಲಸದ ಮೇಲೆ ಇಂಥ ಬಂದೂಕು ಹಿಡಿಯುವವರಿಗೆ. ಅಂದರೆ ಪೊಲೀಸರು, ಸೈನಿಕರು, ಗಾರ್ಡ್ ಡ್ಯೂಟಿಯವರು, ಮ್ಯೂಸಿಯಂನಲ್ಲಿ ಹಳೆಯ ಆಯುಧ ನೋಡಿಕೊಳ್ಳುವವರು. ಸಾಮಾನ್ಯ ಜನ ಇದನ್ನು ಇಟ್ಟುಕೊಳ್ಳುವ ಹಾಗೇ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಆಟೋಮ್ಯಾಟಿಕ್ ಬಂದೂಕು ನಿಷೇಧಿತ ಆಯುಧ. ಕೊಡಗಿನವರಿಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ ಅಂತ ಕೇಳಬೇಡಿ, ಕೈಲ್‌ಪೊಳ್ದ್ ಹಬ್ಬದ ದಿನ ಹೂ ಮುಡಿಸಿ ಪೂಜೆ ಮಾಡುವ ತೋಕ್ ಬೇರೆ, ಇದು ಬೇರೆ.

ಮೊದಲು ಒಂದು ಮಾತು ತಲೆಯಲ್ಲಿರಲಿ

303 ರೈಫಲ್ಲಿನಲ್ಲೋ ಜೋಡುನಳಿಗೆಯಲ್ಲೋ ಕೈ ಪಳಗಿದವರ ಕಣ್ಣಿಗೆ ಒಂದು ಅಭ್ಯಾಸ ಬಿದ್ದಿರುತ್ತದೆ. ಬೋಲ್ಟ್ ತೆರೆದಿದ್ದರೆ ಕ್ಷೇಮ, ನಳಿಗೆ ಮುರಿದು ಹಿಡಿದಿದ್ದರೆ ಕ್ಷೇಮ. ಆ ಬಂದೂಕುಗಳ ಮಟ್ಟಿಗೆ ಅದು ಸರಿ. ಸ್ಟೆನ್, ಕಾರ್ಬೈನ್, ಬ್ರೆನ್ ಮೆಷಿನ್‌ಗನ್ ಮುಂತಾದ ಓಪನ್ ಬೋಲ್ಟ್ ಬಂದೂಕುಗಳಲ್ಲಿ ಅದೇ ಅಭ್ಯಾಸ ಜೀವ ತೆಗೆಯುತ್ತದೆ.

ಇವುಗಳಲ್ಲಿ ಬೋಲ್ಟ್ ಹಿಂದಕ್ಕೆ ನಿಂತಿದೆ ಅಂದರೆ ಬಂದೂಕು ಹೊಡೆಯಲು ತಯಾರಾಗಿದೆ ಅಂತ ಅರ್ಥ. ಕಾರ್ಬೈನ್ ಪಾಠದಲ್ಲಿ ಬೋಲ್ಟನ್ನೇ ಬ್ರೀಚ್ ಬ್ಲಾಕ್ ಅನ್ನುತ್ತಾರೆ. ಅದು ಅರ್ಧ ಕಿಲೋ ಮೇಲೆ ತೂಗುವ ಉಕ್ಕಿನ ತುಂಡು. ಅದರ ಬೆನ್ನಿಗೆ ಸ್ಪ್ರಿಂಗು, ಎದುರಿಗೆ ಸಿಯರ್ ಅನ್ನೋ ಒಂದು ಸಣ್ಣ ಕೊಕ್ಕೆ. ಟ್ರಿಗರ್ ಎಳೆದರೆ ಕೊಕ್ಕೆ ಕೆಳಗಿಳಿಯುತ್ತದೆ, ಬೋಲ್ಟ್ ಮುಂದಕ್ಕೆ ನುಗ್ಗುತ್ತದೆ, ದಾರಿಯಲ್ಲಿ ಮ್ಯಾಗಜೀನ್‌ನಿಂದ ಒಂದು ಗುಂಡನ್ನು ತಳ್ಳಿಕೊಂಡು ಹೋಗಿ ಚೇಂಬರಿಗೆ, ಅಂದರೆ ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗಕ್ಕೆ, ಹಾಕಿ ಅದೇ ವೇಗದಲ್ಲಿ ಹೊಡೆದುಬಿಡುತ್ತದೆ. ಸ್ಟೆನ್ ಮತ್ತು ಕಾರ್ಬೈನ್‌ನಲ್ಲಿ ಫೈರಿಂಗ್ ಪಿನ್ ಬೋಲ್ಟಿನ ಮುಖದಲ್ಲೇ ಕೂತಿದೆ, ಅಲ್ಲಾಡುವುದಿಲ್ಲ. ಹಾಗಾಗಿ ಬೋಲ್ಟ್ ಯಾವ ಕಾರಣಕ್ಕೆ ಮುಂದೆ ಬಂತು ಅನ್ನೋದನ್ನ ಬಂದೂಕು ಕೇಳುವುದಿಲ್ಲ. ಟ್ರಿಗರ್ ಎಳೆದರೂ ಅಷ್ಟೇ, ಕೈ ಜಾರಿದರೂ ಅಷ್ಟೇ.

ಇದನ್ನು ಹೀಗೆ ಮಾಡಿದ್ದಕ್ಕೆ ಕಾರಣವೂ ಇದೆ. ಹೊಡೆತದ ನಡುವೆ ಬಿಸಿಯಾದ ಚೇಂಬರಿನಲ್ಲಿ ಗುಂಡು ಕೂತು ಬೇಯುವುದಿಲ್ಲ, ನಳಿಗೆಗೆ ಗಾಳಿ ಆಡುತ್ತದೆ. ಮಾಡುವುದೂ ಅಗ್ಗ. 1940ರಲ್ಲಿ ಫ್ರಾನ್ಸಿನ ಡಂಕರ್ಕ್‌ನಲ್ಲಿ ಆಯುಧಗಳನ್ನೆಲ್ಲ ಬಿಟ್ಟು ಬಂದ ಬ್ರಿಟಿಷರಿಗೆ ಬೇಕಿದ್ದಿದ್ದು ಅದೇ. ಶೆಪರ್ಡ್, ಟರ್ಪಿನ್ ಅನ್ನೋ ಇಬ್ಬರ ಹೆಸರಿನ ಮೊದಲಕ್ಷರಕ್ಕೆ ಎನ್‌ಫೀಲ್ಡ್ ಬಂದೂಕು ಕಾರ್ಖಾನೆಯ ಹೆಸರಿನ ಎರಡಕ್ಷರ ಸೇರಿಸಿ ಸ್ಟೆನ್ ಅಂತ ಹೆಸರಿಟ್ಟರು. ಆಮೇಲೆ ಬಂದಿದ್ದು ಜಾರ್ಜ್ ಪ್ಯಾಚೆಟ್‌ನ ಸ್ಟರ್ಲಿಂಗ್. ಅದನ್ನೇ 1963ರಿಂದ ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯಲ್ಲಿ 1ಎ1 ಕಾರ್ಬೈನ್ ಅಂತ ಮಾಡಿದರು. ನಮ್ಮ ಪೊಲೀಸರು ಬಾಯಿತುಂಬ "ಕಾರ್ಬೈನ್" ಅನ್ನೋದು ಇದಕ್ಕೇ.

ಲಕ್ಷಣ: ಮೇಜಿನ ಮೇಲೆ ಬಂದೂಕಿದೆ, ಯಾವ ಸ್ಥಿತಿಯಲ್ಲಿದೆ ಅಂತ ಗೊತ್ತಾಗುತ್ತಿಲ್ಲ

ಇದಕ್ಕೆ ಪೈಸೆ ಖರ್ಚಿಲ್ಲ. ಮುಟ್ಟಬೇಡಿ, ಮೊದಲು ನೋಡಿ. ನೋಡಬೇಕಾದ್ದು ಬೋಲ್ಟನ್ನಲ್ಲ, ಬಂದೂಕಿನ ಎಡಮಗ್ಗುಲನ್ನು. ಸ್ಟೆನ್‌ಗೂ ಕಾರ್ಬೈನ್‌ಗೂ ಮ್ಯಾಗಜೀನ್ ಎಡಕ್ಕೆ ಚಾಚಿಕೊಂಡಿರುತ್ತದೆ, ದೂರದಿಂದಲೇ ಕಾಣುತ್ತದೆ.

ಮ್ಯಾಗಜೀನ್ ಇದೆ, ಬೋಲ್ಟ್ ಹಿಂದಿದೆ: ಒಂದು ಬೆರಳಿನ ದೂರದಲ್ಲಿ ಗುಂಡಿದೆ. ಮ್ಯಾಗಜೀನ್ ಇದೆ, ಬೋಲ್ಟ್ ಮುಂದಿದೆ: ನೋಡಲು ಸಾಧು, ಆದರೆ ಹಂಚು ಒಡೆದ ಆ ಸ್ಟೆನ್ ಇದ್ದದ್ದು ಇದೇ ಸ್ಥಿತಿಯಲ್ಲಿ. ಮ್ಯಾಗಜೀನ್ ಇಲ್ಲ, ಬೋಲ್ಟ್ ಹಿಂದಿದೆ: ಯಾರೋ ಅರ್ಧ ಕೆಲಸ ಮಾಡಿ ಹೋಗಿದ್ದಾರೆ, ಚೇಂಬರ್ ನೋಡಿ ಮುಗಿಸಬೇಕು. ಮ್ಯಾಗಜೀನ್ ಇಲ್ಲ, ಬೋಲ್ಟ್ ಮುಂದಿದೆ, ಸ್ಪ್ರಿಂಗ್ ಸಡಿಲವಾಗಿದೆ: ಕೆಳಗಿಡುವ ಸ್ಥಿತಿ ಇದೊಂದೇ. ಫೈರಿಂಗ್ ರೇಂಜಿನಲ್ಲಿ ಮಾತ್ರ ಬೋಲ್ಟ್ ಹಿಂದಿಟ್ಟು ತೋರಿಸು ಅಂತ ರೇಂಜ್ ಅಧಿಕಾರಿ ಹೇಳಬಹುದು. ಅಲ್ಲಿ ಅವರ ಮಾತೇ ಕೊನೆ. ಆದರೆ ಅಲ್ಲೂ ಮ್ಯಾಗಜೀನ್ ಹೊರಗಿರಬೇಕು.

ಲಕ್ಷಣ: ಬಿತ್ತು, ಗುಂಡು ಹಾರಿತು

ಬಸ್ಸು ಗಕ್ಕನೆ ನಿಂತರೆ ನಿಂತಿದ್ದವರು ಮುಂದಕ್ಕೆ ಮುಗ್ಗರಿಸುತ್ತಾರಲ್ಲ, ಒಳಗೆ ಆಗುವುದು ಅದೇ. ಬಟ್ ನೆಲಕ್ಕೆ ಬಡಿದು ಬಂದೂಕು ನಿಂತಿತು, ಒಳಗಿನ ಬೋಲ್ಟ್ ನಿಲ್ಲಲಿಲ್ಲ. ಸ್ಪ್ರಿಂಗನ್ನು ಒತ್ತಿಕೊಂಡು ಹಿಂದಕ್ಕೆ ಹೋಯಿತು. ಸಿಯರ್‌ವರೆಗೂ ಹೋಗಿದ್ದರೆ ಅಲ್ಲೇ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಅಷ್ಟು ದೂರ ಹೋಗಲಿಲ್ಲ, ಆದರೆ ಮ್ಯಾಗಜೀನ್ ಬಾಯಲ್ಲಿದ್ದ ಗುಂಡಿನ ಹಿಂಬದಿ ದಾಟಿತು. ವಾಪಸ್ ಬರುವಾಗ ಆ ಗುಂಡನ್ನು ತಳ್ಳಿಕೊಂಡು ಹೋಗಿ ಹೊಡೆದುಬಿಟ್ಟಿತು.

ಇನ್ನೊಂದು ವಿಷಯ. ಬಟ್ ಕೆಳಗೆ ಬಿದ್ದರೆ ನಳಿಗೆಯ ಬಾಯಿ ಮೇಲಿರುತ್ತದೆ. ಬೀಳಿಸಿದವನ ಮುಖ ಇರುವುದೂ ಅಲ್ಲೇ.

ಬಿದ್ದೇ ಆಗಬೇಕು ಅಂತಲೂ ಇಲ್ಲ. ಬೋಲ್ಟಿನ ಜೊತೆಗೇ ಓಡಾಡುವ ಕಾಕಿಂಗ್ ಹ್ಯಾಂಡಲ್ ಬಲಮಗ್ಗುಲಲ್ಲಿದೆ. ಜೀಪಿನಿಂದ ಇಳಿಯುವಾಗ ಸೀಟಿನ ಕಂಬಿಗೆ, ಬ್ಯಾಗಿನ ಪಟ್ಟಿಗೆ, ಮಳೆಕೋಟಿನ ಜೇಬಿಗೆ ಅದು ಸಿಕ್ಕಿ ಅರ್ಧ ಎಳೆದು ಬಿಟ್ಟರೂ ಕತೆ ಅದೇ. ಬಿದ್ದ ಬಂದೂಕಿನ ಸುದ್ದಿ ಎಲ್ಲರಿಗೂ ಗೊತ್ತು, ಹ್ಯಾಂಡಲ್ ಸಿಕ್ಕಿಕೊಳ್ಳುವುದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ನನಗೆ ಹೆಚ್ಚು ಭಯ ಇದರದ್ದೇ.

ನಿವಾರಣೆಗೆ ಆರ್ಮರರ್, ಅಂದರೆ ಆಯುಧ ರಿಪೇರಿ ಮಾಡುವವರು, ಬೇಕಿಲ್ಲ. ಹೊಡೆಯುವ ಅಗತ್ಯ ಇಲ್ಲದ ಹೊತ್ತಿನಲ್ಲಿ ಮ್ಯಾಗಜೀನ್ ಪೌಚಿನಲ್ಲಿರಲಿ, ಬಂದೂಕಿನಲ್ಲಿ ಬೇಡ. ಮೊಳೆಗೆ ನೇತುಹಾಕಬೇಡಿ, ಗೋಡೆಗೆ ಒರಗಿಸಿ ನಿಲ್ಲಿಸಬೇಡಿ. ರ‍್ಯಾಕ್ ಇಲ್ಲದಿದ್ದರೆ ಮಲಗಿಸಿ ಇಡಿ, ಬಾಯಿ ಖಾಲಿ ದಿಕ್ಕಿಗಿರಲಿ. ಸ್ಟೆನ್ ಮಾರ್ಕ್ 2ರ ಆಮೇಲಿನ ಮಾದರಿಗಳಲ್ಲಿ ಬೋಲ್ಟ್ ಮುಂದಿದ್ದಾಗ ಕಾಕಿಂಗ್ ಹ್ಯಾಂಡಲನ್ನು ಒಳಕ್ಕೆ ಒತ್ತಿದರೆ ಎದುರುಗಡೆಯ ತೂತಿಗೆ ಹೋಗಿ ಕೂರುತ್ತದೆ, ಬೋಲ್ಟ್ ಅಲ್ಲಾಡುವುದಿಲ್ಲ. ನಿಮ್ಮದರಲ್ಲಿ ಆ ತೂತು ಇದ್ದರೆ ತಪ್ಪದೆ ಬಳಸಿ.

ಈ ರೋಗ ಬ್ರಿಟಿಷರೊಬ್ಬರದ್ದೇ ಅಲ್ಲ. ಜರ್ಮನ್ನರ ಎಂಪಿ 38ಕ್ಕೂ ಇತ್ತು. ಅವರು ಮೊದಮೊದಲು ಬೋಲ್ಟ್ ಹಿಂದೆ ಜರುಗದ ಹಾಗೆ ಹ್ಯಾಂಡಲಿಗೆ ಚರ್ಮದ ಪಟ್ಟಿ ಕಟ್ಟುತ್ತಿದ್ದರು, ಆಮೇಲೆ ಹ್ಯಾಂಡಲನ್ನೇ ಬದಲಾಯಿಸಿದರು. ಅಮೆರಿಕದ ಎಂ3ಯಲ್ಲಿ ಖಾಲಿ ತೋಟೆ ಹೊರಬೀಳುವ ಕಿಂಡಿಯ ಮುಚ್ಚಳ ಹಾಕಿದರೆ ಅದರ ಒಳಗಿನ ಮೊನೆಯೇ ಬೋಲ್ಟನ್ನು ಹಿಡಿದುಕೊಳ್ಳುತ್ತದೆ. ಇಸ್ರೇಲಿನ ಊಜಿಯಲ್ಲಿ ಹಿಡಿಯನ್ನು ಅಂಗೈಯಿಂದ ಒತ್ತದೆ ಬೋಲ್ಟನ್ನು ಹಿಂದಕ್ಕೆ ಎಳೆಯಲೂ ಆಗುವುದಿಲ್ಲ.

ಲಕ್ಷಣ: ಖಾಲಿ ಮಾಡುವಾಗಲೇ ಗುಂಡು ಹಾರಿತು

ಗಾರ್ಡ್ ಬದಲಾಗುವ ಹೊತ್ತಿನಲ್ಲಿ ಇದು ಜಾಸ್ತಿ. ನಿದ್ದೆಗಣ್ಣು, ಚಾರ್ಜ್ ಕೊಟ್ಟು ಮಲಗುವ ಅವಸರ. ಬೋಲ್ಟ್ ಹಿಂದಿದೆ, ಅದನ್ನು ಮೆತ್ತಗೆ ಮುಂದಕ್ಕೆ ಬಿಟ್ಟು ಆಮೇಲೆ ಮ್ಯಾಗಜೀನ್ ತೆಗೆಯೋಣ ಅಂತ ಹ್ಯಾಂಡಲ್ ಹಿಡಿದು ಟ್ರಿಗರ್ ಒತ್ತುತ್ತಾರೆ. ಬೆವರಿದ ಬೆರಳು ಜಾರುತ್ತದೆ. ಜಾರದಿದ್ದರೂ ಬೋಲ್ಟ್ ಒಂದು ಗುಂಡನ್ನು ಚೇಂಬರಿಗೆ ತಳ್ಳಿಯೇ ತಳ್ಳುತ್ತದೆ. ಎಷ್ಟು ಮೆತ್ತಗೆ ಬಿಟ್ಟರೂ ಅದು ಕ್ಷೇಮವಲ್ಲ.

ಬಂದೂಕಿನಲ್ಲಿ ಏನನ್ನೂ ರಿಪೇರಿ ಮಾಡಬೇಕಿಲ್ಲ, ಅನುಕ್ರಮ ಸರಿ ಮಾಡಿಕೊಳ್ಳಬೇಕು. ಅನ್‌ಲೋಡಿಂಗ್ ಪಾಯಿಂಟಿನ ಮರಳಿನ ಕಡೆಗೆ ಬಾಯಿ. ಬೆರಳು ಟ್ರಿಗರಿನ ಹೊರಗೆ. ಮೊದಲು ಮ್ಯಾಗಜೀನ್ ತೆಗೆದು ಪೌಚಿಗೆ. ಆಮೇಲೆ ಬೋಲ್ಟ್ ಪೂರ್ತಿ ಹಿಂದಕ್ಕೆ, ಸೇಫ್ಟಿಗೆ. ಟಾರ್ಚ್ ಬಿಟ್ಟು ಮೂರು ಜಾಗ ನೋಡಿ: ಚೇಂಬರ್, ಬೋಲ್ಟಿನ ಮುಖ, ಮ್ಯಾಗಜೀನ್ ಕೂರುವ ಗೂಡು. ಚಾರ್ಜ್ ತಗೊಳ್ಳುವವನೂ ನೋಡಲಿ. "ನೋಡಿದೆ ಸರ್" ಅಂತ ಅವನು ಬಾಯಿಬಿಟ್ಟು ಹೇಳಲಿ. ಇಷ್ಟಾದ ಮೇಲೆ ಸೇಫ್ಟಿ ತೆಗೆದು, ಹ್ಯಾಂಡಲ್ ಗಟ್ಟಿಯಾಗಿ ಹಿಡಿದು, ಟ್ರಿಗರ್ ಒತ್ತಿ, ಬೋಲ್ಟನ್ನು ಮುಂದಕ್ಕೆ ಇಳಿಸಿ.

ಕತ್ತಲಲ್ಲಿ ಚೇಂಬರಿಗೆ ಬೆರಳು ಹಾಕಿ ನೋಡೋ ಅಭ್ಯಾಸ ರೈಫಲ್ಲಿನವರದ್ದು. ಇದರಲ್ಲಿ ಹಾಗೆ ಮಾಡಬೇಡಿ. ನನ್ನ ಎಡಗೈ ತೋರುಬೆರಳಿನ ಉಗುರು ನಡುವಿನಲ್ಲಿ ಸೀಳಿ, ಎರಡು ದಿಬ್ಬದ ಹಾಗೆ ಬೆಳೆಯುತ್ತದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷದ್ದು. ಬೋಲ್ಟ್ ಹಿಂದಿತ್ತು, ಬೆರಳು ಅದರ ದಾರಿಯಲ್ಲಿತ್ತು, ಮಂಡಿ ಟ್ರಿಗರಿಗೆ ತಾಗಿತು. ಮ್ಯಾಗಜೀನ್ ಇರಲಿಲ್ಲವಾದ್ದರಿಂದ ಉಗುರಿಗೇ ಮುಗಿಯಿತು.

ಲಕ್ಷಣ: ಸೇಫ್ಟಿಗೆ ಹಾಕಿದರೂ ಜಾರುತ್ತದೆ

ಸ್ಟೆನ್‌ನ ಸೇಫ್ಟಿ ಅಂದರೆ ಹ್ಯಾಂಡಲ್ ಓಡಾಡುವ ಸೀಳಿನ ಹಿಂತುದಿಯಲ್ಲಿ ಮೇಲಕ್ಕೆ ಕತ್ತರಿಸಿದ ಒಂದು ಕಚ್ಚು, ಅಷ್ಟೇ. ಹ್ಯಾಂಡಲನ್ನು ಹಿಂದಕ್ಕೆಳೆದು ಆ ಕಚ್ಚಿಗೆ ತಿರುಗಿಸಿ ಕೂರಿಸಬೇಕು. ಸಾವಿರಾರು ಸಲ ತಿರುಗಿಸಿ ತಿರುಗಿಸಿ ಕಚ್ಚಿನ ಅಂಚು ಉರುಟಾಗಿರುತ್ತದೆ. ಅಂಥದ್ದು ಒಂದು ಏಟಿಗೆ ಹೊರಬರುತ್ತದೆ. ಕಾರ್ಬೈನ್‌ನಲ್ಲಿ ಹಿಡಿಯ ಮೇಲೆ ಸಣ್ಣ ಲಿವರ್ ಇದೆ. ಅದು ಪ್ರತಿ ನಿಲ್ದಾಣದಲ್ಲೂ ಟಿಕ್ ಅಂತ ಕೂರಬೇಕು.

ಮೊದಲ ಪರೀಕ್ಷೆ ಕಣ್ಣಿನದ್ದು. ಕಚ್ಚಿನಲ್ಲಿ ಮಣ್ಣು, ಗಟ್ಟಿಯಾದ ಹಳೇ ಗ್ರೀಸ್ ತುಂಬಿದ್ದರೆ ಹ್ಯಾಂಡಲ್ ಅರ್ಧವೇ ಕೂರುತ್ತದೆ, ಒರೆಸಿದರೆ ಸರಿಹೋದೀತು. ಅಂಚು ಹೊಳೆಯುತ್ತಾ ಉರುಟಾಗಿದ್ದರೆ ಸವೆತ. ಎರಡನೇ ಪರೀಕ್ಷೆ ಖಾಲಿ ಬಂದೂಕಿನಲ್ಲಿ, ಮ್ಯಾಗಜೀನ್ ಇಲ್ಲದೆ. ಬೋಲ್ಟ್ ಹಿಂದಿಟ್ಟು ಸೇಫ್ಟಿಗೆ ಹಾಕಿ ಟ್ರಿಗರ್ ಒತ್ತಿ, ಅಂಗೈಯಿಂದ ಬಟ್ಟಿಗೆ ನಾಲ್ಕು ಏಟು ಕೊಡಿ. ಬೋಲ್ಟ್ ಒಂದು ಕೂದಲೆಳೆ ಜರುಗಿದರೂ ಬಂದೂಕಿಗೆ ಚೀಟಿ ಕಟ್ಟಿ ಆರ್ಮರರ್‌ಗೆ ಕಳಿಸಿ. ಅರ ಹಾಕಿ ಉಜ್ಜಿ ಕಚ್ಚನ್ನು ಆಳ ಮಾಡುವ ಬುದ್ಧಿವಂತರನ್ನು ನಾನು ನೋಡಿದ್ದೇನೆ. ದಯವಿಟ್ಟು ಬೇಡ.

ಸೇಫ್ಟಿ ಪಾಸಾದರೂ ಅದನ್ನು ನಂಬಿ ಬೋಲ್ಟ್ ಹಿಂದಿಟ್ಟು ಮ್ಯಾಗಜೀನ್ ಸಮೇತ ಕೆಳಗಿಡಬೇಡಿ. ಕೈಯಲ್ಲಿ ಹಿಡಿದಿರುವ ಹೊತ್ತಿಗೆ ಮಾತ್ರ ಅದು.

ಲಕ್ಷಣ: ಬೋಲ್ಟ್ ಹಿಂದೆ ನಿಲ್ಲುವುದಿಲ್ಲ, ಅಥವಾ ಬೆರಳು ತೆಗೆದರೂ ಹೊಡೆತ ನಿಲ್ಲುವುದಿಲ್ಲ

ಎರಡೂ ಬೇರೆ ಬೇರೆ ದೂರಿನ ಹಾಗೆ ಬರುತ್ತವೆ, ಬೇರು ಬಹಳ ಸಲ ಒಂದೇ. ಸಿಯರ್ ಕೊಕ್ಕೆ ಸವೆದಿರಬೇಕು, ಅದು ಕಚ್ಚುವ ಬೋಲ್ಟಿನ ಅಂಚು ಉರುಟಾಗಿರಬೇಕು, ಇಲ್ಲವೇ ಸಿಯರನ್ನು ಮೇಲೆತ್ತುವ ಸ್ಪ್ರಿಂಗ್ ಸೋತಿರಬೇಕು. ಅಪರೂಪಕ್ಕೆ ಕೊಳೆ. ಇನ್ನೊಂದು ಕಾರಣ ಶಕ್ತಿ ಕಮ್ಮಿಯಾದ ಹಳೇ ಗುಂಡು. ಅದು ಬೋಲ್ಟನ್ನು ಸಿಯರ್‌ವರೆಗೆ ತಳ್ಳದೆ ಅರ್ಧದಿಂದಲೇ ವಾಪಸ್ ಕಳಿಸುತ್ತದೆ, ಬಂದೂಕು ಓಡುತ್ತಲೇ ಇರುತ್ತದೆ.

ಹೀಗೆ ಓಡಲು ಶುರುವಾದರೆ ಎಸೆಯಬೇಡಿ, ತಿರುಗಿ ಯಾರ ಮುಖವನ್ನೂ ನೋಡಬೇಡಿ. ಬಾಯಿ ಗುರಿಯ ಕಡೆಗೇ ಇರಲಿ, ಗಟ್ಟಿಯಾಗಿ ಹಿಡಿದುಕೊಳ್ಳಿ. ಕಾರ್ಬೈನ್ ಮ್ಯಾಗಜೀನ್‌ಗೆ 34 ಗುಂಡು, ನಿಮಿಷಕ್ಕೆ ಸುಮಾರು 550ರ ವೇಗ. ನಾಲ್ಕು ಸೆಕೆಂಡಿನಲ್ಲಿ ತಾನೇ ಮುಗಿಯುತ್ತದೆ. ಆಮೇಲೆ ಆ ಬಂದೂಕನ್ನು ಮತ್ತೆ ತುಂಬಿ "ಇನ್ನೊಂದ್ಸಲ ನೋಡೋಣ" ಅನ್ನುವುದು ಬೇಡ. ಸಿಯರ್ ಕೆಲಸ ಆರ್ಮರರ್ ಬಿಟ್ಟು ಬೇರೆ ಯಾರದ್ದೂ ಅಲ್ಲ.

ಲಕ್ಷಣ: ಟ್ರಿಗರ್ ಎಳೆದೆ, "ಟಕ್" ಅಂತು, ಗುಂಡು ಹಾರಲಿಲ್ಲ

ಮ್ಯಾಗಜೀನ್ ಖಾಲಿಯಾಗಿರಬಹುದು, ಸರಿಯಾಗಿ ಕೂತಿರದೆ ಬೋಲ್ಟ್ ಗುಂಡಿನ ಮೇಲಿಂದ ಹಾದು ಹೋಗಿರಬಹುದು. ಇವೆರಡೂ ಪರವಾಗಿಲ್ಲ. ಮೂರನೆಯದ್ದು ಪಿನ್ನಿನ ಏಟು ತಿಂದೂ ಸಿಡಿಯದ ಗುಂಡು. ಇಂಥ ಬಂದೂಕಿನಲ್ಲಿ ಬೋಲ್ಟ್ ಪೂರ್ತಿ ಮುಂದೆ ಕೂತು, ಚೇಂಬರಿನಲ್ಲಿ ಗುಂಡು ಉಳಿದಿದೆ ಅಂದರೆ ಅದು ಏಟು ತಿಂದ ಗುಂಡೇ. ತಡವಾಗಿ ಸಿಡಿಯಬಹುದು. ಬಾಯಿ ಗುರಿಯ ಕಡೆಗಿಟ್ಟು ಕನಿಷ್ಠ 30 ಸೆಕೆಂಡು ಸುಮ್ನೆ ನಿಲ್ಲಿ. ನಿಮ್ಮ ಘಟಕದ ನಿಯಮ ಇನ್ನೂ ಜಾಸ್ತಿ ಹೇಳಿದರೆ ಅಷ್ಟು ಹೊತ್ತು. ಆಮೇಲೆ ಮ್ಯಾಗಜೀನ್ ತೆಗೆದು, ಆಮೇಲೆ ಬೋಲ್ಟ್ ಎಳೆಯಿರಿ.

"ಢಂ" ಬದಲು "ಪುಸ್" ಅಂದರೆ ಅಲ್ಲಿಗೆ ನಿಲ್ಲಿಸಿ. ಗುಂಡಿನ ತುದಿ ನಳಿಗೆಯೊಳಗೇ ಸಿಕ್ಕಿರಬಹುದು. ಹಿಂದಿನಿಂದ ಇನ್ನೊಂದು ಗುಂಡು ಬಂದರೆ ನಳಿಗೆ ಒಡೆಯುತ್ತದೆ.

ಬೋಲ್ಟ್ ಅರ್ಧದಲ್ಲಿ ನಿಂತು ಗುಂಡು ಅಡ್ಡ ಸಿಕ್ಕಿಕೊಂಡಿದ್ದರೆ ಕೈ ತಾನಾಗಿ ಆ ಕಿಂಡಿಗೆ ಹೋಗುತ್ತದೆ. ಹೋಗಬಾರದು. ಹ್ಯಾಂಡಲನ್ನು ಹಿಂದಕ್ಕೆ ಹಿಡಿದು ಸೇಫ್ಟಿಗೆ ಹಾಕಿ, ಮ್ಯಾಗಜೀನ್ ಕಳಚಿ, ಬಂದೂಕನ್ನು ಬಲಕ್ಕೆ ವಾಲಿಸಿ ಅಲುಗಿಸಿದರೆ ಬಹಳ ಸಲ ಗುಂಡು ತಾನೇ ಉದುರುತ್ತದೆ. ಪದೇ ಪದೇ ಹೀಗಾದರೆ ಮ್ಯಾಗಜೀನ್ ಬಾಯಿಯ ತುಟಿ ನೋಡಿ. ಸ್ಟೆನ್ ಮ್ಯಾಗಜೀನ್‌ನಲ್ಲಿ ಗುಂಡುಗಳು ಎರಡು ಸಾಲಿನಲ್ಲಿ ಬಂದು ಬಾಯಿಯಲ್ಲಿ ಒಂದೇ ಸಾಲಾಗುತ್ತವೆ, ಅಲ್ಲಿ ಚೂರು ಸೊಟ್ಟಗಾದರೂ ಸಿಕ್ಕಿಕೊಳ್ಳುತ್ತದೆ. 32 ಹಿಡಿಯುತ್ತದೆ ಅಂತ 32 ತುಂಬಬೇಡಿ, 28ರಿಂದ 30 ಸಾಕು. ಮ್ಯಾಗಜೀನ್ ಹಿಡಿದು ಹೊಡೆಯೋ ಸಿನಿಮಾ ಚಾಳಿಯೂ ಬೇಡ. ಅದು ಗೂಡನ್ನು ಸಡಿಲ ಮಾಡುತ್ತದೆ.

ಲಕ್ಷಣ: ಮ್ಯಾಗಜೀನ್ ಬರುವುದೇ ಇಲ್ಲ

ಮೇಲೆ ಹೇಳಿದ್ದೆಲ್ಲ "ಮೊದಲು ಮ್ಯಾಗಜೀನ್ ತೆಗೆಯಿರಿ" ಅನ್ನೋದರ ಮೇಲೆ ನಿಂತಿದೆ, ಅಲ್ವಾ? ಅದೇ ಬರದಿದ್ದರೆ? ತುಕ್ಕು, ಒಳಕ್ಕೆ ಗುಳಿ ಬಿದ್ದ ಮ್ಯಾಗಜೀನ್, ಸಿಕ್ಕಿಕೊಂಡ ಕ್ಯಾಚ್, ಇವೇ ಕಾರಣ. ಕ್ಯಾಚ್ ಒತ್ತಿ ಹಿಡಿದು ನೇರವಾಗಿ ಎಳೆದು ನೋಡಿ, ಒಂದೆರಡು ಸಲ. ಬಾರದಿದ್ದರೆ ಸುತ್ತಿಗೆ, ಸ್ಕ್ರೂಡ್ರೈವರ್ ಹುಡುಕಬೇಡಿ. ಬೋಲ್ಟ್ ಇದ್ದ ಹಾಗೇ ಇರಲಿ. ಹಿಂದಿದ್ದರೆ ಸೇಫ್ಟಿಗೆ ಹಾಕಿ. ಬಾಯಿಯನ್ನು ಮರಳಿನ ಚೀಲಕ್ಕೆ ತಿರುಗಿಸಿ ಮಲಗಿಸಿ, ಒಬ್ಬರು ಕಾವಲಿದ್ದು, ಆರ್ಮರರ್ ಅಲ್ಲಿಗೇ ಬರಲಿ. ಬಂದೂಕನ್ನು ಆರ್ಮರಿಗೆ ಹೊತ್ತುಕೊಂಡು ಹೋಗಬೇಡಿ. ಇದಕ್ಕೆ ಉಲ್ಟಾ, ಮ್ಯಾಗಜೀನ್ ತಾನೇ ಉದುರುತ್ತದೆ ಅನ್ನೋದು ಕ್ಯಾಚಿನ ಸವೆತ. ಹೊಡೆಯುವವನಿಗೆ ಅದು ತೊಂದರೆ, ಕೆಳಗಿಡುವವನಿಗೆ ಅಪಾಯವಿಲ್ಲ.

ಲಕ್ಷಣ: ಎಂಎಂಜಿಯ (ಮೀಡಿಯಂ ಮೆಷಿನ್‌ಗನ್) ಸೇಫ್ಟಿ ಹೊರಳುತ್ತಿಲ್ಲ

ಬೆಲ್ಟಿನ ಮೆಷಿನ್‌ಗನ್ ಹೊಸದಾಗಿ ಹಿಡಿದವರು ಇದನ್ನು ದೋಷ ಅಂತ ಬರೆಸುತ್ತಾರೆ. ಬೆಲ್ಜಿಯಂ ಮೂಲದ ಮ್ಯಾಗ್ ಮೆಷಿನ್‌ಗನ್‌ನಲ್ಲಿ ಬೋಲ್ಟ್ ಹಿಂದಿದ್ದಾಗ ಮಾತ್ರ ಸೇಫ್ಟಿ ಬೀಳುತ್ತದೆ, ಅದರ ರಚನೆಯೇ ಹಾಗೆ. ಅದನ್ನು ಕೆಳಗಿಡುವ ಮೊದಲು ಬೋಲ್ಟ್ ಹಿಂದಿಟ್ಟು ಸೇಫ್ಟಿಗೆ ಹಾಕಿ, ಮೇಲಿನ ಮುಚ್ಚಳ ತೆಗೆದು ಬೆಲ್ಟ್ ಎತ್ತಿ, ಬೆಲ್ಟ್ ಕೂರುವ ತಟ್ಟೆ ಮತ್ತು ಚೇಂಬರ್ ನೋಡಬೇಕು. ಬ್ರೆನ್‌ಗೆ ಮ್ಯಾಗಜೀನ್ ಮೇಲ್ಗಡೆ, ಉಳಿದ ಅನುಕ್ರಮ ಅದೇ. ನಳಿಗೆ ಕಾದಿರುವಾಗ ಗುಂಡು ಒಳಗೆ ಸಿಕ್ಕಿದರೆ ಮಾತ್ರ ಮುಚ್ಚಳ ತೆಗೆಯುವ ಅವಸರ ಬೇಡ. ಬಿಸಿಗೇ ಗುಂಡು ಸಿಡಿಯುತ್ತದೆ. ಬಾಯಿ ಗುರಿಯ ಕಡೆಗಿಟ್ಟು, ಎಲ್ಲರೂ ಹಿಂದೆ ಸರಿದು, ನಳಿಗೆ ತಣಿಯುವವರೆಗೆ ಕಾಯಿರಿ.

ಲಕ್ಷಣ: ಅಟ್ಟದ ಟ್ರಂಕಿನಲ್ಲಿ ಇಂಥದ್ದೊಂದು ಸಿಕ್ಕಿದೆ

ಸೈನ್ಯದಲ್ಲಿದ್ದ ಅಜ್ಜನ ಟ್ರಂಕು, ಎಣ್ಣೆಬಟ್ಟೆಯಲ್ಲಿ ಸುತ್ತಿದ ಕೊಳವೆಯಂಥ ಬಂದೂಕು. ತುಕ್ಕು ಹಿಡಿದಿದೆ, ಕೆಲಸ ಮಾಡಲ್ಲ ಅಂದುಕೊಳ್ಳಬೇಡಿ. ತುಕ್ಕು ಹಿಡಿದ ಸಿಯರ್ ಹೊಸದಕ್ಕಿಂತ ಕೆಟ್ಟದ್ದು. ಎತ್ತಬೇಡಿ, ಹ್ಯಾಂಡಲ್ ಎಳೆದು ನೋಡಬೇಡಿ, ಫೋಟೋಗೆ ಅಂತ ಮಕ್ಕಳ ಕೈಗೆ ಕೊಡಬೇಡಿ. ಸ್ಟೇಷನ್ನಿಗೆ ನೀವೇ ಹೊತ್ತುಕೊಂಡು ಹೋಗುವುದೂ ಬೇಡ. ದಾರಿಯಲ್ಲಿ ನಿಷೇಧಿತ ಆಯುಧ ನಿಮ್ಮ ಕೈಯಲ್ಲಿರುತ್ತದೆ, ಬಸ್ಸಿನಲ್ಲೋ ಬೈಕಿನಲ್ಲೋ ಕುಲುಕಾಟ ಬೇರೆ. ಟ್ರಂಕಿನ ಮುಚ್ಚಳ ಇದ್ದ ಹಾಗೇ ಬಿಟ್ಟು, ಕೋಣೆಗೆ ಬೀಗ ಹಾಕಿ, 112ಕ್ಕೆ ಫೋನ್ ಮಾಡಿ. ಬಂದವರಿಗೆ ಮ್ಯಾಗಜೀನ್ ಹಾಕಿತ್ತಾ ಇಲ್ವಾ ಅನ್ನೋದನ್ನ ಮೊದಲು ಹೇಳಿ.